ಮೊಬೈಲಿಗೆ ಬೇರೆ ವೆಬ್ ಪುಟ ಮಾಡಬೇಕೆ? ರೆಸ್ಪಾನ್ಸಿವ್ ಲ್ಯಾಂಡಿಂಗ್ ಪೇಜ್ ಹೇಗೆ ಕೆಲಸ ಮಾಡುತ್ತದೆ?

ವೆಬ್ ಡಿಸೈನ್ ಕಲಿಯುವವರು ಮೊದಲು ಮಾಡುವ ಪ್ರಾಜೆಕ್ಟ್‌ಗಳಲ್ಲಿ ಲ್ಯಾಂಡಿಂಗ್ ಪೇಜ್ ಒಂದು. ಲ್ಯಾಬಿನ ಕಂಪ್ಯೂಟರಿನಲ್ಲಿ ಅದು ಚೆಂದ ಕಾಣುತ್ತದೆ. ಮೊಬೈಲಿನಲ್ಲಿ ತೆರೆದರೆ ಅಕ್ಷರಗಳು ಇರುವೆಯಷ್ಟಾಗಿರುತ್ತವೆ. ಆಗ "ಮೊಬೈಲಿಗೆ ಬೇರೆಯೇ ಪುಟ ಬೇಕು" ಎಂದು ಹಲವರು ತಿಳಿಯುತ್ತಾರೆ. ಇದು ತಪ್ಪು ಕಲ್ಪನೆ.

ರೆಸ್ಪಾನ್ಸಿವ್ ಎಂದರೇನು?

ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತನ್ನ ಜೋಡಣೆಯನ್ನು ಬದಲಿಸಿಕೊಳ್ಳುವುದೇ ರೆಸ್ಪಾನ್ಸಿವ್ ವಿನ್ಯಾಸ. 2010ರಲ್ಲಿ ಈಥನ್ ಮಾರ್ಕಾಟ್ ಈ ಹೆಸರು ಕೊಟ್ಟರು. ಇದಕ್ಕೆ ಅವರು ಹೇಳಿದ ಅಂಗಗಳು ಮೂರು: ಶೇಕಡಾ ಲೆಕ್ಕದ ಗ್ರಿಡ್, ಹಿಗ್ಗಿ ಕುಗ್ಗುವ ಚಿತ್ರ ಮತ್ತು ಮೀಡಿಯಾ ಕ್ವೆರಿ.

ಒಂದು ಉದಾಹರಣೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಇಲ್ಲಿ ಬೆಳಕಿಗೆ ಬಂದ ಶಿಲಾಶಾಸನದಲ್ಲಿ ಬರೀ ಬಿರುದಲ್ಲ, 'ಅಶೋಕ' ಎಂಬ ಹೆಸರೇ ಇತ್ತು. ಲಿಂಗಸುಗೂರು ತಾಲ್ಲೂಕಿನಲ್ಲಿ ಮುದಗಲ್ ಕೋಟೆ ಮತ್ತು ಹಟ್ಟಿ ಚಿನ್ನದ ಗಣಿ ಇವೆ. ಈ ಮೂರನ್ನು ಪರಿಚಯಿಸುವ ಪುಟ ಮಾಡುತ್ತೀರಿ ಎಂದುಕೊಳ್ಳಿ.

ಮೊದಲು ವ್ಯೂಪೋರ್ಟ್ ಮೆಟಾ ಟ್ಯಾಗ್ ಹಾಕಿ. ಅದಿಲ್ಲದಿದ್ದರೆ ಫೋನು ಇದನ್ನು ಕಂಪ್ಯೂಟರಿನ ಪುಟವೆಂದು ಭಾವಿಸಿ, ಸುಮಾರು 980 ಪಿಕ್ಸೆಲ್ ಅಗಲದಲ್ಲಿ ಜೋಡಿಸಿ, ಆಮೇಲೆ ಕುಗ್ಗಿಸುತ್ತದೆ. ಅಕ್ಷರ ಇರುವೆಯಷ್ಟಾಗಲು ಇದೇ ಕಾರಣ.

ನಂತರ ಸಣ್ಣ ಪರದೆಯಿಂದಲೇ ಸಿಎಸ್‌ಎಸ್ ಬರೆಯಲು ಶುರು ಮಾಡಿ. ಮೂರು ಕಾರ್ಡ್‌ಗಳು ಒಂದರ ಕೆಳಗೊಂದು ಇರಲಿ. ಅಗಲ 768 ಪಿಕ್ಸೆಲ್ ದಾಟಿದಾಗ ಮೀಡಿಯಾ ಕ್ವೆರಿಯ ಮೂಲಕ ಅವುಗಳನ್ನು ಪಕ್ಕಪಕ್ಕ ತನ್ನಿ.

ಚಿತ್ರ ಕುಗ್ಗಿದರೆ ಡೇಟಾ ಉಳಿಯುತ್ತದೆಯೇ?

ಇಲ್ಲ. ಮ್ಯಾಕ್ಸ್-ವಿಡ್ತ್ 100% ಎಂದು ಬರೆದರೆ ಫೋಟೊ ಚಿಕ್ಕದಾಗಿ ಕಾಣುತ್ತದೆ ಅಷ್ಟೇ. 4 ಎಂಬಿ ಫೋಟೊ ಪೂರ್ತಿ 4 ಎಂಬಿಯಾಗಿಯೇ ಇಳಿಯುತ್ತದೆ. ಫೋಟೊವನ್ನು ಎರಡು ಮೂರು ಅಳತೆಗಳಲ್ಲಿ ಉಳಿಸಿ, 'ಎಸ್‌ಆರ್‌ಸಿಸೆಟ್' ಮೂಲಕ ಕೊಡಿ. ತಕ್ಕದ್ದನ್ನು ಬ್ರೌಸರ್ ಆರಿಸಿಕೊಳ್ಳುತ್ತದೆ.

ಕನ್ನಡಕ್ಕೆ ಬೇಕಾದ ಎಚ್ಚರಿಕೆ

- ಪಠ್ಯ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ.
- ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲಿನ ಅಂತರ 1.6ರ ಆಸುಪಾಸು ಇರಲಿ.
- 'ಶಿಲಾಶಾಸನಗಳಿರುವಲ್ಲಿಗೆ' ಎಂಬಂಥ ಉದ್ದ ಪದಗಳು ದೊಡ್ಡ ಶೀರ್ಷಿಕೆಯಲ್ಲಿ ಪರದೆಯಾಚೆ ಹೋಗಬಹುದು. 'ಓವರ್‌ಫ್ಲೋ-ರ‍್ಯಾಪ್' ಬಳಸಿ.
- ಪುಟದ ಭಾಷೆ 'ಕನ್ನಡ' ಎಂದು ಎಚ್‌ಟಿಎಂಎಲ್‌ನಲ್ಲಿ ಸೂಚಿಸಿ. ಓದಿ ಹೇಳುವ ತಂತ್ರಾಂಶಗಳಿಗೆ ಇದು ಬೇಕು.

ಕೊನೆಯ ಪರೀಕ್ಷೆ

320 ಪಿಕ್ಸೆಲ್ ಅಗಲದಲ್ಲೂ ಪುಟವನ್ನು ಅಡ್ಡ ಎಳೆಯಬೇಕಾಗಬಾರದು. ಬ್ರೌಸರಿನಲ್ಲಿ ನೋಡಿದ ಮೇಲೆ ಮನೆಯಲ್ಲಿರುವ ಹಳೆಯ ಫೋನಿನಲ್ಲೂ ತೆರೆದು ನೋಡಿ. ಬಸ್ಸಿನಲ್ಲಿ ನಿಂತು, ಒಂದೇ ಕೈಯಲ್ಲಿ ಫೋನು ಹಿಡಿದು ಮಸ್ಕಿಯ ದಾರಿ ಹುಡುಕುವವರಿಗೆ ಪುಟ ತೆರೆದುಕೊಂಡು ಬಟನ್ ಕೈಗೆ ಸಿಕ್ಕರೆ, ನಿಮ್ಮ ಪ್ರಾಜೆಕ್ಟ್ ಗೆದ್ದಂತೆ.