ದೊಡ್ಡಸ್ವಾಮಿಯವರ ಲಸಿಕೆ



ನಮ್ಮ ಹೊಸಕೋಟೆ ಸೇರಿದ್ದ ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಹಿಂದೆ ಸಿಡುಬೆಂದರೆ 'ಅಮ್ಮ'. ಅಮ್ಮ ಬಂದ ಮನೆಗೆ ಬೇವಿನ ಸೊಪ್ಪು, ಹರಕೆ, ತಂಬಿಟ್ಟಿನ ಆರತಿ. ಅಂಥ ನಾಡಿನಲ್ಲಿ ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ ಲಸಿಕೆಯ ಪ್ರಚಾರಕ್ಕೆ ನಿಂತರು. 1803-04ರಲ್ಲಿ ಲಸಿಕೆ ಹಾಕಿಸಿಕೊಂಡವರು 25,432 ಮಂದಿ!

ಅಂಜುವ ಜನ ಒಪ್ಪಿದ್ದೇಕೆ? ಜನರು 'ದೊಡ್ಡಸ್ವಾಮಿಯವರು' ಎಂದು ಕರೆದ ಈ ಗುರು ಅವರಂತೆಯೇ ಉಟ್ಟು, ಅವರ ರೀತಿನೀತಿಗಳನ್ನು ಪಾಲಿಸಿ, ಅವರ ನಡುವೆ ಬಾಳಿದ್ದರು. ಕಾರಣ ಅದೇ ಎಂದು ನಾವು ನಂಬುತ್ತೇವೆ.

2021ರಲ್ಲಿ ಕೋವಿಡ್ ಲಸಿಕೆಗೆ ಹಿಂಜರಿದವರನ್ನು ನಾವೂ ಕಂಡೆವು. ಸರ್ಕಾರದ ಆದೇಶಕ್ಕೆ ಬಾಗದ ಮನಸ್ಸು ಪರಿಚಿತ ದನಿಗೆ ಕರಗುತ್ತದೆ. ಕುರಿಗಳು ಬಲ್ಲದ್ದು ತಮ್ಮ ಕುರುಬನ ದನಿಯನ್ನಲ್ಲವೇ? ಹಳ್ಳಿ ಬದಲಾಗದೆಂದು ದೂರುವ ಮೊದಲು, ನಾವು ಆ ಹಳ್ಳಿಯವರಾಗಿದ್ದೇವೆಯೇ ಎಂದು ಕೇಳಿಕೊಳ್ಳೋಣ.