ಸಣ್ಣ ಉದ್ದಿಮೆ ಸಾಲದಲ್ಲಿ ತಾರತಮ್ಯ: ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ / ಪಂಗಡದ ಉದ್ದಿಮೆದಾರರ ಮಾಹಿತಿಗಾಗಿ)

ಹಿನ್ನೆಲೆ
ಹೊಲಿಗೆ, ಹೈನುಗಾರಿಕೆ, ಕಿರಾಣಿ ಅಂಗಡಿ ಹಾಗೂ ತೆಂಗು, ಅಡಿಕೆ ಆಧಾರಿತ ಕಸುಬುಗಳಿಗೆ ಸಾಲ ಕೋರುವ ಮಹಿಳೆಯರಿಗೆ ಎದುರಾಗುವ ಮುಖ್ಯ ಅಡಚಣೆ ಅಡಮಾನ. ಜಮೀನಿನ ಪಹಣಿಯು ಸಾಮಾನ್ಯವಾಗಿ ಗಂಡನ ಅಥವಾ ಮಾವನ ಹೆಸರಿನಲ್ಲಿರುತ್ತದೆ. ಪರಿಶಿಷ್ಟ ಕುಟುಂಬಗಳಲ್ಲಿ ಅನೇಕರಿಗೆ ಸ್ವಂತ ಜಮೀನೇ ಇರುವುದಿಲ್ಲ. ಸಾಲ ದೊರೆತಾಗಲೂ ಮೊತ್ತ ಕಡಿಮೆ. 2015ರ ಏಪ್ರಿಲ್ 8ರಂದು ಆರಂಭವಾದ ಮುದ್ರಾ ಯೋಜನೆಯ ಮೊದಲ ಹತ್ತು ವರ್ಷಗಳ ಖಾತೆಗಳಲ್ಲಿ ಸುಮಾರು ಶೇ. 68ರಷ್ಟು ಮಹಿಳೆಯರದು, ಸಾಲದ ಮೊತ್ತದಲ್ಲಿ ಅವರ ಪಾಲು ಇದಕ್ಕಿಂತ ಕಡಿಮೆ.

ಅರ್ಜಿದಾರರ ಹಕ್ಕುಗಳು
ರಿಸರ್ವ್ ಬ್ಯಾಂಕಿನ ನಿರ್ದೇಶನಗಳ ಪ್ರಕಾರ:
1. ಅರ್ಜಿ ಸ್ವೀಕರಿಸಿದ ಬ್ಯಾಂಕು ಸ್ವೀಕೃತಿ ಪತ್ರ ನೀಡತಕ್ಕದ್ದು.
2. ಕಿರು ಮತ್ತು ಸಣ್ಣ ಉದ್ದಿಮೆಗಳ ನಿಗದಿತ ಮಿತಿಯವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಕೇಳತಕ್ಕದ್ದಲ್ಲ. 2010ರಲ್ಲಿ ಈ ಮಿತಿಯನ್ನು 10 ಲಕ್ಷ ರೂ. ಎಂದು ನಿಗದಿಪಡಿಸಲಾಗಿತ್ತು.
3. ಪರಿಶಿಷ್ಟ ಜಾತಿ / ಪಂಗಡದವರ ಅರ್ಜಿಯನ್ನು ಶಾಖೆಯ ಹಂತದಲ್ಲಿ ತಿರಸ್ಕರಿಸುವಂತಿಲ್ಲ. ಮೇಲಿನ ಹಂತದ ಅಧಿಕಾರಿಯು ತೀರ್ಮಾನಿಸಿ, ಕಾರಣವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಆದುದರಿಂದ ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ ನಿರಾಕರಣೆಯನ್ನು ಅಂತಿಮವೆಂದು ಭಾವಿಸದೆ, ಅರ್ಜಿಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ.

ಉದ್ಯೋಗಿನಿ ಯೋಜನೆ
1987ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಈ ಯೋಜನೆಯಲ್ಲಿ ಬ್ಯಾಂಕು ಸಾಲವನ್ನೂ ನಿಗಮವು ಸಹಾಯಧನವನ್ನೂ ನೀಡುತ್ತದೆ. ವಯೋಮಿತಿ 18ರಿಂದ 55 ವರ್ಷ; ಘಟಕ ವೆಚ್ಚದ ಗರಿಷ್ಠ ಮಿತಿ 3 ಲಕ್ಷ ರೂ. ಪರಿಶಿಷ್ಟ ಜಾತಿ / ಪಂಗಡದ ಮಹಿಳೆಯರಿಗೆ ಶೇ. 50ರಷ್ಟು ಹಾಗೂ ಇತರರಿಗೆ ಶೇ. 30ರಷ್ಟು (ಗರಿಷ್ಠ 90,000 ರೂ.) ಸಹಾಯಧನ ಲಭ್ಯ. ವಿವರಗಳಿಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದು.

ಲಗತ್ತಿಸಬೇಕಾದ ದಾಖಲೆಗಳು
ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಯೋಜನಾ ವರದಿ ಮತ್ತು ದರಪಟ್ಟಿ. ಅಜ್ಜಂಪುರವು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದುದರಿಂದ, ದಾಖಲೆಗಳಲ್ಲಿ ತಾಲ್ಲೂಕಿನ ಹೆಸರು ಒಂದೇ ರೀತಿ ಇದೆಯೇ ಎಂಬುದನ್ನು ಅಲ್ಲಿನ ಅರ್ಜಿದಾರರು ಮೊದಲೇ ಪರಿಶೀಲಿಸತಕ್ಕದ್ದು.

ದೂರು
ಸ್ವೀಕೃತಿ ನೀಡದಿದ್ದಲ್ಲಿ ಅಥವಾ ಮೇಲ್ಕಂಡ ನಿರ್ದೇಶನ ಪಾಲಿಸದಿದ್ದಲ್ಲಿ ಮೊದಲು ಬ್ಯಾಂಕಿಗೆ ಲಿಖಿತ ದೂರು ಸಲ್ಲಿಸತಕ್ಕದ್ದು. 30 ದಿನಗಳೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ನೀಡಬಹುದು (ಶುಲ್ಕರಹಿತ ಮಾಹಿತಿ ದೂರವಾಣಿ 14448). ಸಾಲ ಮಂಜೂರು ಮಾಡುವುದು ಬ್ಯಾಂಕಿನ ವಿವೇಚನೆಗೆ ಸೇರಿದ್ದಾದ್ದರಿಂದ, ದೂರಿನಲ್ಲಿ ಯಾವ ನಿಯಮ ಉಲ್ಲಂಘನೆಯಾಗಿದೆ ಎಂಬುದನ್ನು ನಿರ್ದಿಷ್ಟವಾಗಿ ತಿಳಿಸಿ, ಸ್ವೀಕೃತಿಯ ಪ್ರತಿಯನ್ನು ಲಗತ್ತಿಸುವುದು ಅವಶ್ಯಕ.