ಲಕ್ವ ಮಾರೀಗೋ, ಮೈಗೋ? ದಾಮರಗಿದ್ದ ಸೀಮೆಯ ಒಂದು ಪದದ ಚರಿತ್ರೆ

ಇವತ್ತು ನಾನು ಮಾತಾಡೋದು ಒಂದೇ ಪದದ ಬಗ್ಗೆ: ಲಕ್ವ. ಮುಖದ ಒಂದು ಬದಿ ಸೋತ ರೋಗಿಗೂ ಆಸ್ಪತ್ರೆ ಸಿಬ್ಬಂದಿಗೂ ನಡುವೆ ಆಗುವ ಮುಜುಗರವನ್ನು ನಾವು ನಡತೆಯ ದೋಷ ಅಂತ ಮಾತ್ರ ನೋಡ್ತೀವಿ. ಅದರ ಹಿಂದೆ ಭಾಷೆಯ ಚರಿತ್ರೆಯೂ ಇದೆ ಅನ್ನೋದು ನನ್ನ ವಾದ.

ಮೊದಲು ನಮ್ಮ ಮನೆಯಲ್ಲಿ ನಡೆದದ್ದು. ದಾಮರಗಿದ್ದ ಕಡೆಯ ನಮ್ಮ ದೊಡ್ಡಪ್ಪ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು. ಎಡಗಣ್ಣು ಮುಚ್ಚಲಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ ಹೆಸರು ಹೇಳಲು ಹೋದರು. ತುಟಿ ಕೂಡದೆ ಪ, ಬ, ಮ ಹುಟ್ಟೋದಿಲ್ಲ. ಅವರ ಕನ್ನಡವೇ ತೊದಲಿತು, ತೆಲುಗು ಇನ್ನಷ್ಟು. "ಕುಡಿದು ಬಂದೀಯೇನು?" ಅಂತ ಆ ಕಡೆಯಿಂದ ತೆಲುಗಿನಲ್ಲಿ ಪ್ರಶ್ನೆ ಬಂತು. ಜೀವಮಾನದಲ್ಲಿ ಹೆಂಡ ಮುಟ್ಟದ ಮನುಷ್ಯ ತಲೆ ತಗ್ಗಿಸಿದರು. ದೊಡ್ಡಮ್ಮ "ಲಕ್ವ ಹೊಡದಾದ್ರೀ" ಅಂದರು. ಕೂಡಲೇ ಗಡಿಬಿಡಿ: ಕೈ ಎತ್ತು, ಕಾಲು ಎತ್ತು. ಎರಡೂ ನೆಟ್ಟಗಿದ್ದವು. "ಮತ್ತೆ ಲಕ್ವ ಎಲ್ಲಿ?" ಅಂತ ಸಿಬ್ಬಂದಿ ನಕ್ಕರು. ದೊಡ್ಡಪ್ಪನೂ ನಗಲು ನೋಡಿದರು. ಅರ್ಧ ಮುಖ ಮಾತ್ರ ನಕ್ಕಿತು. ಆಮೇಲೆ ಯಾರೂ ಅವರ ಮುಖ ನೋಡಲಿಲ್ಲ.

ಈಗ ಪದಕ್ಕೆ ಬರೋಣ. ಲಕ್ವ ಅರಬ್ಬಿ ಮೂಲದ್ದು. ಅಲ್‌ ರಾಝಿ, ಇಬ್ನ್‌ ಸೀನಾ ಮೊದಲಾದವರ ವೈದ್ಯದಲ್ಲಿ, ಅಲ್ಲಿಂದ ಬೆಳೆದ ಯುನಾನಿಯಲ್ಲಿ, ಲಕ್ವ ಅಂದರೆ ಮುಖದ ಸೋಲು. ಅರ್ಧ ಮೈ ಬಿದ್ದರೆ ಅದು ಫಾಲಿಜ್‌. ಸುಶ್ರುತ ಸಂಹಿತೆಯೂ ಹೀಗೇ ಅರ್ದಿತ ಬೇರೆ, ಪಕ್ಷಾಘಾತ ಬೇರೆ ಎಂದಿಟ್ಟಿದೆ. ನಿಜಾಮರ ಹೈದರಾಬಾದ್‌ ಸಂಸ್ಥಾನದಲ್ಲಿ ಉರ್ದು ಆಡಳಿತ ಭಾಷೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಹಕೀಮರ ಈ ಪದ ಕನ್ನಡ, ತೆಲುಗು ಮನೆಗಳಿಗೂ ಇಳಿಯಿತು. ಇಳಿಯುತ್ತಾ ಫಾಲಿಜ್‌ ಮರೆಯಾಗಿ, ಎರಡೂ ರೋಗಕ್ಕೆ ಲಕ್ವ ಒಂದೇ ಹೆಸರಾಯಿತು.

1956ರ ನವೆಂಬರ್‌ 1ರಂದು ಸಂಸ್ಥಾನ ಹಂಚಿಹೋಯಿತು. ರಾಯಚೂರು ಮೈಸೂರಿಗೆ ಬಂತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ಆಂಧ್ರಕ್ಕೆ ಹೋದವು. ಮೆಹಬೂಬ್‌ನಗರ ಜಿಲ್ಲೆಯಲ್ಲಿದ್ದ ನಾರಾಯಣಪೇಟೆ, ಮಖ್ತಲ್‌ ಸೀಮೆಯೂ ಆಂಧ್ರದ್ದೇ ಆಯಿತು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು. ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷ್‌: ಬೆಲ್ಸ್‌ ಪಾಲ್ಸಿ. 1821ರಲ್ಲಿ ಲಂಡನ್ನಿನ ರಾಯಲ್‌ ಸೊಸೈಟಿಯ ಮುಂದೆ ಮುಖದ ನರದ ಕೆಲಸ ವಿವರಿಸಿದ ಚಾರ್ಲ್ಸ್‌ ಬೆಲ್‌ ಹೆಸರು ಅದು.

ಅಂದರೆ ಆ ದಿನ ಪದವನ್ನು ಸಾವಿರ ವರ್ಷದ ಹಳೆಯ, ಖಚಿತವಾದ ಅರ್ಥದಲ್ಲಿ ಬಳಸಿದ್ದು ದೊಡ್ಡಮ್ಮ. ಗೊಂದಲದ ಅರ್ಥದಲ್ಲಿ ಕೇಳಿಸಿಕೊಂಡದ್ದು ಆಸ್ಪತ್ರೆ!

ಇದು ಬರೀ ಪದದ ಜಗಳ ಅಲ್ಲ. ಬೆಲ್ಸ್‌ ಪಾಲ್ಸಿಯಲ್ಲಿ ಆ ಬದಿಯ ಹಣೆಯೂ ಸುಕ್ಕುಗಟ್ಟೋದಿಲ್ಲ. ಮೆದುಳಿನ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಹಣೆ ಆಡುತ್ತದೆ. ಯಾವುದೆಂದು ವೈದ್ಯರೇ ಹೇಳಬೇಕು, ಅದೂ ಬೇಗ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ 72 ಗಂಟೆಯೊಳಗೆ ಪ್ರೆಡ್ನಿಸೊಲೋನ್‌ ಶುರುವಾದವರಲ್ಲಿ ಸುಮಾರು ಶೇ. 94ರಷ್ಟು ಜನ 9 ತಿಂಗಳಲ್ಲಿ ಪೂರ್ತಿ ಗುಣವಾದರು. ಆ ಮಾತ್ರೆ ಸಿಗದವರಲ್ಲಿ ಶೇ. 82. ಅವಮಾನವಾಗಿ ಮನೆಗೆ ತಿರುಗಿದವರು ಕಳೆದುಕೊಳ್ಳೋದು ಈ 72 ಗಂಟೆಯನ್ನೇ. ಮುಚ್ಚದ ಕಣ್ಣು ಒಣಗಿ ಹುಣ್ಣಾಗೋ ಅಪಾಯ ಬೇರೆ.

ಇನ್ನೊಂದು ಮಾತು. "ನಗು, ಹಲ್ಲು ತೋರ್ಸು, ಕಣ್ಣು ಮುಚ್ಚು" ಅನ್ನೋದು ತಪಾಸಣೆಯ ಕ್ರಮವೇ. ಆದರೆ ಸಾಲಿನಲ್ಲಿ ಹತ್ತು ಜನರ ಮುಂದೆ, ಯಾಕೆ ಅಂತ ಹೇಳದೆ ಕೇಳಿದರೆ, ಆಗದ್ದನ್ನೇ ಮಾಡಿ ತೋರಿಸು ಅಂದಂತೆ. ಒಂದು ಪರದೆ, ಒಂದು ವಾಕ್ಯದ ವಿವರಣೆ ಸಾಕು.

ನನ್ನ ಸಲಹೆಯೂ ಸಣ್ಣದು. ಗಡಿಯ ಆಸ್ಪತ್ರೆಗಳಲ್ಲಿ ಯಾರಾದರೂ ಲಕ್ವ ಅಂದರೆ ನಗುವ ಮೊದಲು ಒಂದು ಪ್ರಶ್ನೆ ಕೇಳಲಿ: "ಮಾರೀಗೋ, ಮೈಗೋ?" ಹಕೀಮರು ಇಟ್ಟಿದ್ದ ಭೇದವೇ ಅದು, ನಮ್ಮ ಮಾತಿನಲ್ಲಿ ವಾಪಸ್‌ ತಂದಂತಾಗುತ್ತದೆ. ಇಲ್ಲಿಗೆ ನಿಲ್ಲಿಸ್ತೀನಿ, ಚರ್ಚೆಗೆ ಬರೋಣ.